ಶೀರ್ಷಾಸನದ ಹರಕೆ

ನಮ್ಮ ವಂಶದಲ್ಲಿ ಬಿ.ಎ. ಪಾಸು ಮಾಡಿದವನು ನಾನೊಬ್ಬನೇ. ಪಾಸು ಮಾಡಿಯೂ ತಲೆಕೆಳಗಾಗಿ ನಿಂತವನೂ ನಾನೊಬ್ಬನೇ. ಮೊದಲನೆಯದಕ್ಕೆ ಕಬ್ಬಾಳಿನ ಜನ ತೆಂಗಿನಕಾಯಿ ಒಡೆದರು. ಎರಡನೆಯದಕ್ಕೆ ನನ್ನ ಹೆಂಡತಿ ಮಂಗಳಗೌರಿ ಹಣೆ ಚಚ್ಚಿಕೊಂಡಳು.

"ಅಮಲ್ದಾರ್ರು ಆಯ್ತಾರೆ ಅಂತ ನಮ್ಮಪ್ಪ ನಿಮ್ಗೆ ಕೊಟ್ರು. ನೀವು ನೋಡುದ್ರೆ ಬಾವಲಿ ಆಗ್ಬುಟ್ರಿ!"

ಅವಳ ಸಂಕಟ ಸುಳ್ಳಲ್ಲ. ನಾನು ಮೈಸೂರಿನಲ್ಲಿ ವರ್ಷವಿಡೀ ಯೋಗ ಕಲಿತು ಬಂದಿದ್ದೆ. ನಮ್ಮೂರಿಗೇ ಒಬ್ಬ ಯೋಗದ ಮೇಷ್ಟ್ರನ್ನು ನೇಮಿಸಲು ತಾಲ್ಲೂಕು ಬೋರ್ಡಿನವರು ಒಪ್ಪಿದ್ದರು. ಆದರೆ ಕಲಿಯುವ ಜನ ಇರುವವರೆಗೆ ಮಾತ್ರ ಕೆಲಸ. ಮೇಲಾಗಿ ಗುರುಗಳ ಯೋಗ್ಯತಾಪತ್ರವೂ ಬೇಕು. ಗುರುಗಳೋ, "ಆಸನ ಹಾಕುವವನು ಶಿಷ್ಯ, ಹಾಕಿಸುವವನು ಮೇಷ್ಟ್ರು. ಊರಿಗೆ ಹೋಗಿ ತರಗತಿ ನಡೆಸು. ಯುಗಾದಿ ಕಳೆದ ಮೇಲೆ ಬಂದು ನೋಡುತ್ತೇನೆ" ಎಂದು ಬರಿಗೈಯಲ್ಲಿ ಕಳಿಸಿದ್ದರು.

ಮೊದಲ ದಿನ ಅರಳಿಕಟ್ಟೆಯ ಬಳಿ ಚಾಪೆ ಹಾಸಿ, ಯೋಗದ ಮಹಿಮೆಯ ಮೇಲೆ ಪ್ರಚಂಡವಾದ ಭಾಷಣ ಮಾಡಿದೆ. (ಕೊನೆಯವರೆಗೂ ನಿಂತು ಕೇಳಿದ್ದು ನಮ್ಮ ಮನೆಯ ಎಮ್ಮೆ.) ರಾಗಿ ಕುಯ್ಯಲು ಹೊರಟಿದ್ದ ಪಕ್ಕದ ಮನೆಯ ಬೈರಪ್ಪ ಕುಡುಗೋಲು ಹಿಡಿದು ಗಳಿಗೆ ನಿಂತ.

"ಬಗ್ಗಿ ಬಗ್ಗಿ ಸೊಂಟ ಬಿದ್ದೋಗೈತೆ ಅಯ್ನೋರೆ. ನೀವು ಇನ್ನೂ ಒಸಿ ಬಗ್ಗು ಅಂತೀರಲ್ಲ!"

"ಇದು ಬರೀ ಮೈಗಲ್ಲ ಬೈರಪ್ಪ, ಮನಸ್ಸಿಗೆ."

"ಮನ್ಸು ಆಗ್ಲೇ ಹೊಲಕ್ಕೋಗೈತೆ. ಅದ್ರ ಹಿಂದೆ ನಾನೂ ಹೊಂಟೆ, ಬತ್ತೀನಿ."

ಸಂಜೆಯವರೆಗೂ ಒಬ್ಬರೂ ಬರಲಿಲ್ಲ. ಮಂಗಳಗೌರಿ ನನ್ನ ಮುಖ ನೋಡಿದಳು. ಮನೆಯ ಹಂಡೆಗಳೆಲ್ಲ ತುಂಬಿದ್ದರೂ ಬಿಂದಿಗೆ ಎತ್ತಿ ಸೊಂಟಕ್ಕಿಟ್ಟುಕೊಂಡು, "ಒಸಿ ಬಾವಿತಾವ ಹೋಗ್ಬತ್ತೀನಿ" ಎಂದು ಹೊರಟಳು.

ಮಾರನೆಯ ಬೆಳಿಗ್ಗೆ ಅರಳಿಕಟ್ಟೆಯ ಸುತ್ತ ಗಂಡಸರೋ ಗಂಡಸರು! ಬೈರಪ್ಪ ಎಲ್ಲರಿಗಿಂತ ಮುಂದೆ. ನನ್ನ ಭಾಷಣ ನಿಧಾನವಾಗಿ ಏರುವ ಜಾತಿಯದು ಎಂದು ಹಿಗ್ಗಿದೆ. ಕಲಿಸಿದೆ ನೋಡಿ, ಶ್ರದ್ಧೆಯೆಂದರೆ ಶ್ರದ್ಧೆ! ಮೊದಮೊದಲು ಸಾಲಿನ ತುದಿಯಲ್ಲಿದ್ದ ಸಿದ್ದಯ್ಯ ಉರುಳಿದರೆ ಇಡೀ ಸಾಲೇ ಉರುಳುತ್ತಿತ್ತು. ಆದರೂ ಎದ್ದು, ಕೈಮುಗಿದು, ಮತ್ತೆ ಕಾಲೆತ್ತುತ್ತಿದ್ದರು. (ಆ ಕೈಮುಗಿಯುವುದು ನನಗೇ ಎಂದುಕೊಂಡಿದ್ದೆ.)

ಯುಗಾದಿ ಕಳೆದು ಗುರುಗಳು ಕನಕಪುರದಿಂದ ಗಾಡಿಯಲ್ಲಿ ಬಂದರು. ಸಾಲಾಗಿ ಆಕಾಶಕ್ಕೆ ಎದ್ದು ನಿಂತ ಮಣ್ಣಿನ ಪಾದಗಳನ್ನು ಕಂಡು ತಲೆದೂಗಿದರು. ಆಮೇಲೆ ಬೈರಪ್ಪನನ್ನು ಕೇಳಿದರು: "ಯೋಗ ಕಲಿಯಬೇಕೆಂದು ಯಾಕೆ ಅನ್ನಿಸಿತಪ್ಪಾ?"

'ಚಿತ್ತಶುದ್ಧಿಗೆ' ಎನ್ನಬೇಕೆಂದು ಬಾಯಿಪಾಠ ಮಾಡಿಸಿದ್ದೆ.

"ಹರಕೆ ಸ್ವಾಮಿ" ಎಂದ ಬೈರಪ್ಪ. "ನಮ್ಮ ಅಯ್ನೋರಿಗೆ ಕೆಲ್ಸ ಸಿಕ್ಲಿ ಅಂತ ಕಬ್ಬಾಳಮ್ಮಂಗೆ ಹೊತ್ಕಂಡಿವಿ. ಪಾಪ, ಅವ್ವಾರು ಬಾವಿತಾವ ನಮ್ ಹೆಂಗುಸ್ರ ಮುಂದೆ ಕಣ್ಣೀರಾಕುದ್ರು."

"ಬಾಯಿಗೆ ಬೀಗ ಚುಚ್ಚಿಸ್ಕಳೋದಕ್ಕಿಂತ ಇದೇ ವಾಸಿ ಸ್ವಾಮಿ" ಎಂದು ಸಿದ್ದಯ್ಯ ಸೇರಿಸಿದ. "ಉಪ್ವಾಸನೂ ಇಲ್ಲ."

ನಮ್ಮ ಕಡೆ ಒಬ್ಬರ ಕಷ್ಟಕ್ಕೆ ಇನ್ನೊಬ್ಬರು ಹರಕೆ ಹೊರುವುದುಂಟು. ನನ್ನ ಮಹಾಭಾಷಣದ ಫಲವೆಂದು ನಾನು ಬೀಗಿದ್ದೆಲ್ಲ ಒಂದು ಬಿಂದಿಗೆಯ ಫಲ! ಗುರುಗಳು ಹೆಗಲಿನ ಶಾಲು ಜಾರುವಷ್ಟು ನಕ್ಕರು. "ಕಾರಣ ಏನೇ ಇರಲಿ, ಕಲಿಸಿರುವುದು ಸರಿಯಾಗಿದೆ" ಎಂದು ಯೋಗ್ಯತಾಪತ್ರ ಬರೆದುಕೊಟ್ಟರು. ಬೋರ್ಡಿನ ಆರ್ಡರೂ ಬಂತು. ಮಂಗಳಗೌರಿ ಪಾಯಸ ಮಾಡಿದಳು.

ಮರುದಿನ ಮೇಷ್ಟ್ರ ಗತ್ತಿನಲ್ಲಿ ಅರಳಿಕಟ್ಟೆಗೆ ಹೋದೆ. ಎಮ್ಮೆ ಇತ್ತು. ಬೈರಪ್ಪನ ಮನೆಗೆ ಓಡಿದೆ.

"ಹರಕೆ ತೀರ್ತಲ್ಲ ಅಯ್ನೋರೆ! ಅಮ್ಮ ಕೊಟ್ಮೇಲೂ ತಲೆಕೆಳಗ್ ನಿಂತ್ರೆ, ಇವ್ರಿಗೆ ಇನ್ನೂ ಏನ್ಲಾ ಬೇಕು ಅಂತ ಮುನಿಸ್ಕಳಾಕಿಲ್ವಾ?"

ಮನೆಗೆ ಬಂದು ಕುಸಿದು ಕೂತೆ. ಮಂಗಳಗೌರಿ ಬಿಂದಿಗೆ ಎತ್ತಿಕೊಂಡಳು.

"ಬೇಡ ಕಣೇ, ಓದಿದವನ ಮಾನ ಅಂತ ಒಂದಿದೆ."

"ಹಂಗಾರೆ ಎಮ್ಮೆಗೇ ಹೇಳ್ಕೊಡಿ."

ನಾನು ಎದ್ದು ದಾರಿ ಬಿಟ್ಟೆ. ಬೆಳಗಾದರೆ ಊರಿಗೆ ಊರೇ ಹಾಜರು. ಗಾಡಿ ಹೊಡೆಯುವ ಇಮಾಮ್ ಸಾಬ್ ಕೂಡ ಹೊಸದಾಗಿ ಬಂದಿದ್ದ. ಆನಂದದಿಂದ ಚಾಪೆ ಹಾಸಲು ಬಗ್ಗಿದೆ. ಬೈರಪ್ಪ ಧಾವಿಸಿ ಬಂದು ನನ್ನ ತೋಳು ಹಿಡಿದುಕೊಂಡ.

"ಬಗ್ಬ್ಯಾಡಿ, ಬಗ್ಬ್ಯಾಡಿ! ನಿಮ್ ಸೊಂಟ ಹಿಡ್ಕಂಡೈತಂತಲ್ಲ, ಅವ್ವಾರು ಯೋಳುದ್ರು. ನೀವು ಕುಂತ್ಕಂಡು ಬಾಯಲ್ಲಿ ಯೋಳಿ ಸಾಕು. ಅದು ನೆಟ್ಗಾಗೋಗಂಟ ದಿನಾ ಬತ್ತೀವಿ ಅಂತ ಹರಕೆ ಹೊತ್ಕಂಡಿವಿ."

ನಮ್ಮ ಮನೆಯ ಬಾಗಿಲ ಕಡೆ ನೋಡಿದೆ. ಮಂಗಳಗೌರಿ ತನ್ನ ಸೊಂಟದ ಮೇಲೆ ಕೈಯಿಟ್ಟು, ಹೇಗೆ ನರಳಬೇಕೆಂದು ತೋರಿಸುತ್ತಿದ್ದಳು. ನರಳಿದೆ.

ಅಂದಿನಿಂದ ಕಬ್ಬಾಳಿನ ಯೋಗದ ಮೇಷ್ಟ್ರು ಕೋಲೂರಿಕೊಂಡೇ ತರಗತಿಗೆ ಹೋಗುತ್ತಾರೆ. ಕೆಲಸ ಉಳಿಯಬೇಕಾದರೆ ಸೊಂಟ ವಾಸಿಯಾಗಬಾರದು. ಎಲ್ಲರೂ ಹೊಲಕ್ಕೆ ಹೋದ ಮೇಲೆ ಕೊಟ್ಟಿಗೆಯ ಬಾಗಿಲು ಹಾಕಿಕೊಂಡು ನನ್ನ ಶೀರ್ಷಾಸನ ಮುಗಿಸುತ್ತೇನೆ. ಎಮ್ಮೆ ಮೆಲುಕು ಹಾಕುತ್ತಾ ನೋಡುತ್ತದೆ. ಪುಣ್ಯಕ್ಕೆ, ಅದು ಬಾವಿಕಟ್ಟೆಗೆ ಹೋಗಿ ಹೇಳುವುದಿಲ್ಲ.