ಭಾವನ ಕಾರಿಗೆ ಎಷ್ಟು ಸೈಲೆನ್ಸರ್?

ನನ್ನ ಹೆಂಡತಿಯ ಅಣ್ಣನಿಗೆ ಬುದ್ಧಿ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಇತ್ತು. ಅದನ್ನೆಲ್ಲ ಅವರು ಒಂದೇ ಪ್ರಶ್ನೆಗೆ ಮುಡಿಪಾಗಿಟ್ಟಿದ್ದರು, ಅಷ್ಟೆ. ಹೆಣ್ಣು ನೋಡಲು ಹೋದಾಗ ಉಪ್ಪಿಟ್ಟಿನ ತಟ್ಟೆ ಕೆಳಗಿಡುವ ಮೊದಲೇ ಒಪ್ಪಿಕೊಂಡ ಮನುಷ್ಯ. ಅಂಗಡಿಯ ಜಾಗವನ್ನು ರಸ್ತೆಯ ಆಚೆ ಬದಿಯಿಂದ ನೋಡಿಯೇ ಹಿಡಿದ ಮನುಷ್ಯ. ಅಂಥವರು ತಮ್ಮ ಕಾರಿನ ಹಿಂಬದಿಗೆ ಸೈಲೆನ್ಸರ್ ಕೊಳವೆ ಒಂದಿರಬೇಕೋ ಎರಡಿರಬೇಕೋ ಎಂದು ಒಂಬತ್ತು ವರ್ಷ ಯೋಚಿಸಿದರು. ಒಂಬತ್ತು ವರ್ಷ! ಅಷ್ಟು ಹೊತ್ತಿಗೆ ನಾನು ಇನ್ನೂ ನೂರಾರು ಹುಡುಗರಿಗೆ ಎಡಗಾಲು ಯಾವುದು, ಬಲಗಾಲು ಯಾವುದು ಎಂದು ಕಲಿಸಿ ನಿವೃತ್ತನೂ ಆಗಿದ್ದೆ.

ನಾನು ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವನು. ಓದಿದ್ದು ಮಠದ ಉಚಿತ ಹಾಸ್ಟೆಲಿನಲ್ಲಿ. ನಾಲ್ಕೂವರೆಗೆ ಗಂಟೆ, ಐದಕ್ಕೆ ತಣ್ಣೀರು, ಐದೂಕಾಲಿಗೆ ಹಣೆಗೆ ವಿಭೂತಿ, ಆಮೇಲೆ ಪ್ರಾರ್ಥನೆ. ಊಟಕ್ಕೆ ಸಾಲು, ಕೈ ತೊಳೆಯಲು ಸಾಲು. ಅಲ್ಲಿನ ಮೇಲ್ವಿಚಾರಕರ ಕೋಣೆಯ ಹೊಸ್ತಿಲಲ್ಲಿ ಯಾರು ಬಂದು ನಿಂತರೂ ಅವರು ತಲೆ ಎತ್ತದೆ ಕೇಳುತ್ತಿದ್ದುದು ಎರಡೇ ಮಾತು: "ಏನು ವಿಷಯ?" ವಿಷಯವಿದ್ದವನು ಹೇಳಿ ಹೊರಡಬೇಕು, ಇಲ್ಲದವನು ಹೇಳದೆ ಹೊರಡಬೇಕು. ಆ ಎರಡು ಮಾತನ್ನು ನಾನು ಶಾಲೆಗೆ ಒಯ್ದೆ. ಅಲ್ಲಿಂದ ಸಿದ್ಧಾರ್ಥನಗರದ ನಮ್ಮ ಮನೆಯ ಗೇಟಿಗೂ ತಂದೆ.

ಭಾವನದು ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಪಾತ್ರೆ ಅಂಗಡಿ. ಮೊದಮೊದಲು ಅವರು ಹೊತ್ತುಗೊತ್ತಿಲ್ಲದೆ ತಂಗಿಯ ಮನೆಗೆ ಬರುತ್ತಿದ್ದರು. ಗೇಟಿನಲ್ಲಿ ನಾನು ವಾಡಿಕೆಯಂತೆ "ಏನು ವಿಷಯ?" ಎನ್ನುತ್ತಿದ್ದೆ. "ಏನಿಲ್ಲ ಮೇಷ್ಟ್ರೇ, ಸುಮ್ನೆ ಬಂದೆ" ಎನ್ನುತ್ತಿದ್ದರು. ಸುಮ್ಮನೆ ಬರುವುದು ಎಂದರೇನು? ಸಿಟಿ ಬಸ್ಸು ಸುಮ್ಮನೆ ಬರುತ್ತದೆಯೇ? ಪೋಸ್ಟ್‌ಮ್ಯಾನ್ ಸುಮ್ಮನೆ ಬರುತ್ತಾನೆಯೇ? ನಾನು ಗೋಡೆಯ ಗಡಿಯಾರ ನೋಡುತ್ತಿದ್ದೆ. ಅವರು ಕಾಫಿಯನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದರು. ಕ್ರಮೇಣ ಬರುವುದೇ ನಿಂತಿತು. ಶಿಸ್ತು ಗೆದ್ದಿತು ಎಂದುಕೊಂಡೆ.

ಗೆಲ್ಲಲಿಲ್ಲ. ಕಾರು ಬಂತು.

ತೊಂಬತ್ತರ ದಶಕದ ನಡುವೆ ಯಾರೋ ಕಾಫಿ ತೋಟದವರ ಶೆಡ್ಡಿನಿಂದ ಭಾವ ಒಂದು ವಿಲಾಯತಿ ಸ್ಪೋರ್ಟ್ಸ್ ಕಾರನ್ನು ಎಳೆಸಿಕೊಂಡು ಬಂದರು. ಕೆಂಪು ಬಣ್ಣ, ಎರಡೇ ಸೀಟು, ಮೇಲೆ ಚಾವಣಿ ಇಲ್ಲ, ನೆಲಕ್ಕೆ ಅಂಟಿಕೊಂಡ ಹಾಗಿತ್ತು. ಅದರೊಳಗೆ ಕೂರುವುದೆಂದರೆ ಬಾವಿಗೆ ಇಳಿದ ಹಾಗೆ, ಏಳುವುದೆಂದರೆ ಯಾರಾದರೂ ಹಗ್ಗ ಬಿಡಬೇಕು. ಎಂಜಿನ್ ನೆಟ್ಟಗಿತ್ತು. ಹೊಗೆ ಹೋಗುವ ಕೊಳವೆ ಮಾತ್ರ ತುಕ್ಕು ಹಿಡಿದು ಉದುರಿಹೋಗಿತ್ತು. ಹಿಂಬದಿಯಲ್ಲಿ ಎಡಕ್ಕೊಂದು ತೂತು. ಬಲಕ್ಕೂ ಒಂದು, ಆದರೆ ಅದಕ್ಕೆ ಯಾರೋ ತಗಡು ಬಡಿದಿದ್ದರು. ಹಾಗಾದರೆ ಮೂಲದಲ್ಲಿ ಇದ್ದದ್ದು ಒಂದೋ ಎರಡೋ? ಹೇಳುವವರು ಯಾರೂ ಇರಲಿಲ್ಲ.

ಮುಂದಿನ ಭಾನುವಾರ ಹತ್ತೂಕಾಲಿಗೆ ಭಾವ ಗೇಟಿನಲ್ಲಿ ನಿಂತಿದ್ದರು. ಕಂಕುಳಲ್ಲಿ ಪತ್ರಿಕೆಯಲ್ಲಿ ಸುತ್ತಿದ ಎರಡಡಿ ಕೊಳವೆ.

"ಏನು ವಿಷಯ?"

"ಸೈಲೆನ್ಸರ್ ವಿಷಯ ಮೇಷ್ಟ್ರೇ. ತಂಗೀನ ಒಂದ್ ಮಾತು ಕೇಳ್ಬೇಕು."

ವಿಷಯವಿತ್ತು. ಒಳಗೆ ಬಿಡದೆ ಏನು ಮಾಡಲಿ?

ಪಾತ್ರೆ ಅಂಗಡಿಯವರು ಲೋಹವನ್ನು ಕಣ್ಣಿನಿಂದ ನೋಡುವುದಿಲ್ಲ. ಬೆರಳ ಗೆಣ್ಣಿನಿಂದ ಬಡಿದು ಕಿವಿ ಕೊಡುತ್ತಾರೆ. ಆ ಮನೆಯಲ್ಲಿ ಹುಟ್ಟಿದ ನನ್ನ ಹೆಂಡತಿಗೂ ಆ ಕಿವಿ ಇತ್ತು. ಭಾವ ಅಡುಗೆಮನೆಯ ಬಾಗಿಲಲ್ಲಿ ಮಣೆ ಹಾಕಿ ಕುಳಿತು ಕೊಳವೆಯನ್ನು ಬಡಿದರು. ಇವಳು ಸೌಟು ಹಿಡಿದೇ ತಲೆ ಓರೆ ಮಾಡಿದಳು.

"ಇನ್ನೊಂದ್ಸಲ ಬಡಿ ಅಣ್ಣ. ಆಂ. ಬೋಗುಣಿ ಸದ್ದು ಇದ್ದಂಗಿದೆ. ಇಂಥದ್ದು ಒಂದೇ ಸಾಕು."

"ಒಂದಾದ್ರೆ ಎಂಜಿನ್ನಿಗೆ ಉಸಿರು ಕಟ್ಟುತ್ತೆ ಕಣಮ್ಮ."

"ಎರಡಾದ್ರೆ?"

"ಎರಡಾದ್ರೆ ಉಸಿರೇನೋ ಸಲೀಸು. ಆದ್ರೆ ಬೆಟ್ಟ ಹತ್ತೋವಾಗ ದಮ್ ಕಮ್ಮಿ ಆಗುತ್ತೆ ಅಂತಾರೆ."

"ಹಂಗಾದ್ರೆ ಒಂದೂವರೆ ಹಾಕ್ಸು."

ಇಬ್ಬರೂ ನಕ್ಕರು. ನನ್ನ ಹೆಂಡತಿ ಅಷ್ಟು ಜೋರಾಗಿ ನಗುತ್ತಾಳೆಂದು ಮದುವೆಯಾಗಿ ಇಪ್ಪತ್ತು ವರ್ಷವಾದರೂ ನನಗೆ ಗೊತ್ತಿರಲಿಲ್ಲ. ಹನ್ನೆರಡೂವರೆಯ ಊಟ ಅಂದು ಒಂದೂ ಹತ್ತಕ್ಕೆ ಬಂತು.

ಅಲ್ಲಿಂದ ಮುಂದೆ ಪ್ರತಿ ಭಾನುವಾರವೂ ಒಂದು ಕೊಳವೆ. ಭಾವ ಒಂದು ಎಂದು ತೀರ್ಮಾನಿಸಿಕೊಂಡು ಬಂದರೆ ತಂಗಿ ಎರಡು ಎನ್ನುವಳು. ಎರಡು ಎಂದು ಬಂದರೆ ಒಂದು ಎನ್ನುವಳು. ಹೆಂಗಸರ ಬುದ್ಧಿ ಎಂದು ನಾನು ಪತ್ರಿಕೆಯ ಹಿಂದೆ ಗೊಣಗಿದೆ. ತೀರ್ಮಾನವಾದ ದಿನ ಮೊದಲ ಸವಾರಿ ತಂಗಿಯದು, ಚಾಮುಂಡಿ ಬೆಟ್ಟಕ್ಕೆ ಎಂದು ಭಾವ ಮಾತು ಕೊಟ್ಟಿದ್ದರು. ತೀರ್ಮಾನವಂತೂ ಆಗಲಿಲ್ಲ.

ಒಮ್ಮೆ ದೇವರನ್ನೂ ಕೇಳಿದೆವು. ಬೆಟ್ಟದ ತಪ್ಪಲಿನಲ್ಲೊಂದು ಸಣ್ಣ ಈಶ್ವರನ ಗುಡಿ. ಸ್ಪೋರ್ಟ್ಸ್ ಕಾರಿನ ಮಾಲೀಕರೂ ನಾವೂ ಸಿಟಿ ಬಸ್ಸಿನಲ್ಲಿ ನೇತಾಡಿಕೊಂಡು ಹೋದೆವು. ಹೂ ಬಲಕ್ಕೆ ಬಿದ್ದರೆ ಒಂದು, ಎಡಕ್ಕೆ ಬಿದ್ದರೆ ಎರಡು. ಪೂಜಾರಿ ತಲೆ ಕೆರೆದುಕೊಂಡರು. "ಮದುವೆ ಕೇಳ್ತಾರೆ, ಬೋರ್‌ವೆಲ್ ಕೇಳ್ತಾರೆ. ಇದನ್ನ ದೇವ್ರಿಗೆ ಎಂಗೆ ಬುಡಿಸಿ ಹೇಳ್ಲಿ ಸ್ವಾಮಿ?" ಹೇಗೋ ಹೇಳಿದರು. ಮುಕ್ಕಾಲು ಗಂಟೆ ಕಾದೆವು. ಹೂ ಎಡಕ್ಕೂ ಬೀಳಲಿಲ್ಲ, ಬಲಕ್ಕೂ ಬೀಳಲಿಲ್ಲ. ಲಿಂಗದ ನೆತ್ತಿಯ ಮೇಲೆ ಆರಾಮಾಗಿ ಕುಳಿತಿತ್ತು. ಭಾವನಿಗೆ ಮಹಾ ಸಂತೋಷ. "ನೋಡಿದ್ರಾ ಮೇಷ್ಟ್ರೇ, ಶಿವನೂ ಇನ್ನೂ ಯೋಚ್ನೆ ಮಾಡ್ತಾವ್ನೆ." ಯೋಚಿಸಲು ಶಿವನಿಗೆ ಕಾಲವಿದೆ. ನನಗೆ ಊಟದ ಹೊತ್ತು ಮೀರುತ್ತಿತ್ತು.

ಕಾರು ಇರುತ್ತಿದ್ದುದು ರಾಜೀವನಗರದ ಬಾಬು ಮೇಸ್ತ್ರಿಯ ಗ್ಯಾರೇಜಿನಲ್ಲಿ. ಆಯುಧಪೂಜೆ ಬಂತೆಂದರೆ ಮೇಸ್ತ್ರಿ ಒಂದು ವರ್ಷ ಒಂದು ಕೊಳವೆಯನ್ನು, ಇನ್ನೊಂದು ವರ್ಷ ಎರಡನ್ನು ತಂತಿಯಿಂದ ಬಿಗಿದು ಕೊಡುತ್ತಿದ್ದ. ಭಾವ ಅದಕ್ಕೆ ವಿಭೂತಿ ಬಳಿದು, ಬೂದುಗುಂಬಳ ಒಡೆದು, ನಮ್ಮ ಬೀದಿಗೆ ತಂದು ನಿಲ್ಲಿಸುತ್ತಿದ್ದರು. ಒಂದು ಹಬ್ಬದಲ್ಲಿ ತಂತಿ ಕಳಚಿ ಕೊಳವೆ ಬಿದ್ದುಹೋಯಿತು. ಆಗ ಬಂದ ಸದ್ದಿಗೆ ಎದುರು ಮನೆಯ ಹಸು ಹಗ್ಗ ಕಿತ್ತುಕೊಂಡು ನನ್ನ ಗುಲಾಬಿ ಪಾತಿಯ ಮೇಲೆ ಓಡಿತು. ಕ್ಷಮೆ ಕೇಳಬೇಕಾದ ಅಣ್ಣತಂಗಿ ರಸ್ತೆಯಲ್ಲಿ ಕೂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಾನು ಶಿಳ್ಳೆ ಊದಿ ಹಸುವನ್ನು ಹೊರಗೆ ಹಾಕಿದೆ. ಆ ಬೀದಿಯಲ್ಲಿ ನನ್ನ ಮಾತು ಕೇಳಿದ್ದು ಹಸು ಒಂದೇ.

ನಿವೃತ್ತನಾದ ಮೇಲೆ ಭಾನುವಾರದ ಊಟ ಎರಡೂ ಹತ್ತಕ್ಕೆ ಜಾರಿತು. ನನಗೆ ಸಾಕಾಯಿತು. ಒಂದು ಹಾಳೆಯ ನಡುವೆ ಗೆರೆ ಎಳೆದು ಎಡಕ್ಕೆ ಒಂದು ಕೊಳವೆಯ ಗುಣದೋಷ, ಬಲಕ್ಕೆ ಎರಡರದ್ದು ಬರೆದೆ. ಹನ್ನೊಂದು ನಿಮಿಷ ಹಿಡಿಯಿತು. ಒಂದು ಗೆದ್ದಿತು. ಅವರು ಒಂಬತ್ತು ವರ್ಷ ಮಾಡಿದ ಕೆಲಸ! ಸೋಮವಾರ ಬೆಳಿಗ್ಗೆ ಹಾಳೆ ಹಿಡಿದು ರಾಜೀವನಗರಕ್ಕೆ ಹೋದೆ.

"ಭಾವ ಒಂದು ಅಂತ ತೀರ್ಮಾನ ಮಾಡಿದಾರೆ. ವೆಲ್ಡಿಂಗ್ ಮಾಡಿಬಿಡು. ಬಲಗಡೆ ತೂತು ಪೂರ್ತಿ ಮುಚ್ಚಿಬಿಡು."

ಮೇಸ್ತ್ರಿ ಕೈ ಒರೆಸಿಕೊಂಡ. "ಪಕ್ಕಾನಾ ಸಾರ್? ಅವ್ರೇ ಅಂದ್ರಾ?"

"ನಾನು ಹೇಳ್ತಿದೀನಲ್ಲ."

ಮಠದ ಹಾಸ್ಟೆಲಿನಲ್ಲಿ ಸುಳ್ಳಿಗೆ ಒಂದು ಹೊತ್ತು ಉಪವಾಸ ಹಾಕುತ್ತಿದ್ದರು. ನಾನು ಅಂದು ಹನ್ನೆರಡೂವರೆಗೆ ಸರಿಯಾಗಿ ಊಟ ಮಾಡಿದೆ.

ಭಾವ ಜಗಳಕ್ಕೆ ಬರಬಹುದೆಂದು ಉತ್ತರ ಸಿದ್ಧ ಮಾಡಿಕೊಂಡಿದ್ದೆ. ಬರಲಿಲ್ಲ. ಭಾನುವಾರ ಹತ್ತೂಕಾಲಿಗೆ ಕಾರಿನಲ್ಲೇ ಬಂದರು. ಸದ್ದು ತುಂಬಿದ ಕೊಡದ ಹಾಗೆ ಗಂಭೀರವಾಗಿತ್ತು. ಕಂಕುಳಲ್ಲಿ ಏನೂ ಇರಲಿಲ್ಲ.

"ಏನು ವಿಷಯ?" ಎಂದೆ, ಅಭ್ಯಾಸಬಲ.

"ಕೊನೇ ವಿಷಯ ಮೇಷ್ಟ್ರೇ. ತಂಗೀನ ಬೆಟ್ಟಕ್ಕೆ ಕರ್ಕೊಂಡ್ಹೋಗಿ ಬಂದ್ಬುಡ್ತೀನಿ. ನೀವು ಮಾಡ್ಸಿದ್ದು ಸರಿಯಾಗೇ ಇದೆ. ಯಾರಾದ್ರೂ ಒಬ್ರು ಹೇಳ್ಬೇಕಿತ್ತು."

ಹೋದರು, ಬಂದರು. ಇವಳು ಸೆರಗು ಸರಿಮಾಡಿಕೊಂಡು ನೇರ ಅಡುಗೆಮನೆಗೆ ಹೋದಳು. ಅವರು ಕಾರಿನಿಂದ ಇಳಿಯಲಿಲ್ಲ.

ಮುಂದಿನ ಭಾನುವಾರ ಊಟ ಹನ್ನೆರಡೂವರೆಗೆ ಬಂತು. ಅದರ ಮುಂದಿನ ವಾರವೂ. ನನ್ನ ಮನೆ ನನಗೆ ವಾಪಸು ಸಿಕ್ಕಿತೆಂದು ಬೀಗಿದೆ. ಐದನೆಯ ಭಾನುವಾರ ಇವಳು ತೊಳೆದ ಮುಚ್ಚಳವೊಂದನ್ನು ಗೆಣ್ಣಿನಿಂದ ಬಡಿದು, ಕಿವಿ ಕೊಟ್ಟು, ಕೆಳಗಿಟ್ಟಳು.

"ನಿಮ್ಮಣ್ಣ ಯಾಕೆ ಬರ್ತಿಲ್ಲ?" ಎಂದೆ.

"ಬಂದು ಗೇಟಲ್ಲಿ ಏನಂತ ಹೇಳ್ಲಿ ಅವನು?"

"ಅಂದರೆ?"

"ಒಂದೇ ಸಾಕು ಅಂತ ಗಾಡಿ ತಂದ ತಿಂಗಳಲ್ಲೇ ಅವನಿಗೆ ಗೊತ್ತಿತ್ತು ಕಣ್ರೀ. ನಂಗೂ ಗೊತ್ತಿತ್ತು. ಅವನು ಒಂದು ಅಂದ್ರೆ ನಾನು ಎರಡು ಅಂತಿದ್ದೆ. ನಿಮ್ಮ ಗೇಟ್ ದಾಟೋಕೆ ಒಂದು ವಿಷಯ ಬೇಕಿತ್ತಲ್ಲ." ಇನ್ನೊಂದು ಮುಚ್ಚಳ ತೊಳೆಯತೊಡಗಿದಳು. "ಬೆಟ್ಟದ ಮೇಲೆ ಕೇಳ್ದೆ, ಮುಂದಿನ ವಾರ ಏನು ತರ್ತೀಯ ಅಂತ. ಇನ್ನೇನಮ್ಮ ಇದೆ ತರೋಕೆ ಅಂದ."

ನಾನು ಹೊರಗೆ ಬಂದು ಗೇಟಿನ ಬಳಿ ನಿಂತೆ. ತಲೆ ಕೆಟ್ಟವರೆಂದು ನಾನು ತಿಳಿದಿದ್ದ ಮನುಷ್ಯ, ಆ ಗೇಟಿನಲ್ಲಿ ಒಂಬತ್ತು ವರ್ಷ, ವಾರಕ್ಕೊಮ್ಮೆ ತಂಗಿಯ ಮುಖ ನೋಡಲು ನನಗೆ ರಜೆಚೀಟಿ ತೋರಿಸುತ್ತಿದ್ದರು. ಆ ದಾರಿಯನ್ನು ನಾನೇ ವೆಲ್ಡಿಂಗ್ ಮಾಡಿಸಿ ಮುಚ್ಚಿದ್ದೆ.

ಮರುದಿನ ಬಾಬು ಮೇಸ್ತ್ರಿಯ ಗುಜರಿಯಲ್ಲಿ ಹುಡುಕಿ ಒಂದು ಕೊಳವೆ ತೆಗೆಸಿದೆ. "ಮತ್ತೆ ಎರಡಾ ಸಾರ್? ನಿಮ್ಗೂ ಅಂಟ್ಕೊಂಡ್ತಾ?" ಎಂದು ಅವನು ಬಾಯಿ ಬಿಟ್ಟ. ಪತ್ರಿಕೆಯಲ್ಲಿ ಸುತ್ತಿ, ಕಂಕುಳಲ್ಲಿಟ್ಟುಕೊಂಡು, ಬಸ್ಸು ಹತ್ತಿ ಪಾತ್ರೆ ಅಂಗಡಿಗೆ ಹೋದೆ. ಭಾವ ಚೊಂಬುಗಳನ್ನು ಒರೆಸಿ ಸ್ಟೂಲಿನ ಮೇಲೆ ಜೋಡಿಸುತ್ತಿದ್ದರು.

"ಏನು ವಿಷಯ ಮೇಷ್ಟ್ರೇ?"

ಕೊಂಕೇನೂ ಇರಲಿಲ್ಲ. ಗಿರಾಕಿಯನ್ನು ಕೇಳುವ ಹಾಗೆ ಕೇಳಿದರು. ನಾನು ಪತ್ರಿಕೆ ಬಿಚ್ಚಿದೆ.

"ಒಂದಾದರೆ ಎಂಜಿನ್ನಿಗೆ ಉಸಿರು ಕಟ್ಟುತ್ತೆ ಅಂತಿದ್ರಿ. ಯೋಚನೆ ಮಾಡಿದೆ. ಎರಡೇ ಸರಿ ಅನ್ನಿಸುತ್ತೆ. ಭಾನುವಾರ ತಂದು ಅವಳ ಹತ್ತಿರ ಒಂದು ಮಾತು ಕೇಳಿ."

ಅವರು ಕೊಳವೆಯನ್ನು ನೋಡಿದರು. ಮುಟ್ಟಲಿಲ್ಲ.

"ಗಾಡಿ ಮಾರ್ಬುಟ್ಟೆ ಮೇಷ್ಟ್ರೇ. ಹೋದ ವಾರ, ಮನೆ ಮುಂದಿಂದ್ಲೇ. ಮೇಸ್ತ್ರಿಗೂ ಇನ್ನೂ ಹೇಳಿಲ್ಲ. ತೀರ್ಮಾನ ಆಗ್ಹೋದ ಗಾಡಿ ಇಟ್ಕೊಂಡು ಏನ್ ಮಾಡ್ಲಿ?"

ಕೊಳವೆ ಹಿಡಿದುಕೊಂಡೇ ನಿಂತೆ. ಒಬ್ಬ ಹೆಂಗಸು ಬಂದು ಇಡ್ಲಿ ಪಾತ್ರೆಯ ಸದ್ದು ನೋಡಿ, ಬೇಡವೆಂದು ಹೋದಳು. ಭಾವ ಮತ್ತೆ ನನ್ನ ಕಡೆ ತಿರುಗಿದರು.

"ಮತ್ತೇನಾದ್ರೂ ವಿಷಯ ಇತ್ತಾ?"

"ಏನಿಲ್ಲ ಭಾವ," ಎಂದೆ. ಅರವತ್ತು ದಾಟಿದ ಬಾಯಿಗೆ ಮುಂದಿನ ಎರಡು ಮಾತು ಹೊಸತು, ಬರಲು ಕೊಂಚ ತಡವಾಯಿತು. "ಸುಮ್ನೆ ಬಂದೆ."

ಅಂಗಡಿಯಲ್ಲಿ ಗಡಿಯಾರವಿತ್ತು, ಸರಿಯಾಗಿ ನನ್ನ ತಲೆಯ ಮೇಲೆ. ಭಾವ ಅದರ ಕಡೆ ನೋಡಲಿಲ್ಲ. ಸ್ಟೂಲಿನ ಮೇಲಿನ ಚೊಂಬುಗಳನ್ನು ಒಂದೊಂದಾಗಿ ನೆಲಕ್ಕಿಳಿಸಿ, ಹೆಗಲ ಟವಲಿನಿಂದ ಸ್ಟೂಲನ್ನು ಒರೆಸಿ, ನನ್ನ ಕಡೆಗೆ ತಳ್ಳಿದರು.