ಆಲೂಗಡ್ಡೆಗೆ ಕಾವಲು

"ಇವತ್ತಿಂದ ಈ ಮನೇಲಿ ಆಲೂಗಡ್ಡೆಗೆ ಕಾವಲು!"

ಅಕ್ಕ ಸೌಟನ್ನು ರಾಜದಂಡದಂತೆ ಎತ್ತಿ ಹಿಡಿದು ಘೋಷಿಸಿದಳು. ಆಸ್ಥಾನದಲ್ಲಿ ಇದ್ದದ್ದು ಇಬ್ಬರೇ ಪ್ರಜೆಗಳು. ಒಬ್ಬ ಅವಳ ತಮ್ಮ, ಡ್ರೈವಿಂಗ್ ಶಾಲೆಯ ಮೇಷ್ಟ್ರು. ಇನ್ನೊಬ್ಬಳು ತಮ್ಮನ ಮಗಳು, ಅಕ್ಕನಿಗೆ ಸೋದರಸೊಸೆ, ಹಲ್ಲಿನ ಡಾಕ್ಟರ ಬಳಿ ಸಹಾಯಕಿ. ಇಬ್ಬರೂ ಫೋನಿನಿಂದ ತಲೆ ಎತ್ತಲಿಲ್ಲ.

ಈ ಘೋಷಣೆಗೆ ಕಾರಣ ತಮ್ಮನ ಒಂದು ಮಾತು. ಅಕ್ಕ ಆಲೂಗಡ್ಡೆಯನ್ನು ತೆಳ್ಳಗೆ ಹೆಚ್ಚಿ, ಅಂಚು ಕೆಂಪಗಾಗುವವರೆಗೆ ಹುರಿದು, ಬಿಸಿಬಿಸಿಯಾಗಿ ತಟ್ಟೆಗೆ ಬಡಿಸಿದ್ದಳು. ಅವನು ತಟ್ಟೆಯನ್ನು ಒಂದು ಬೆರಳಿನಿಂದ ಅತ್ತ ಸರಿಸಿ, "ಮತ್ತೆ ಆಲೂಗಡ್ಡೆನಾ?" ಅಂದ. ಅಷ್ಟೇ. ಬಯ್ದಿದ್ದರೂ ಅಕ್ಕನಿಗೆ ಇಷ್ಟು ನೋವಾಗುತ್ತಿರಲಿಲ್ಲ. ಬಯ್ಯಲಿಕ್ಕಾದರೂ ತಟ್ಟೆಯ ಕಡೆ ನೋಡಬೇಕಲ್ಲ!

ತಮ್ಮನ ಹೆಂಡತಿ ತೀರಿಕೊಂಡಾಗ ಮಗು ಇನ್ನೂ ತೆವಳುತ್ತಿತ್ತು. "ಒಂದೆರಡು ತಿಂಗಳು ಇದ್ದು ಹೋಗು ಅಕ್ಕಾ" ಎಂದು ಅವನು ಕರೆದಿದ್ದ. ತೆವಳುತ್ತಿದ್ದ ಮಗು ಈಗ ಊರವರ ಬಾಯಿಗೆಲ್ಲ ದೀಪ ಹಿಡಿಯುತ್ತಿದೆ. ಆ ಒಂದೆರಡು ತಿಂಗಳು ಮಾತ್ರ ಇನ್ನೂ ಮುಗಿದಿಲ್ಲ. ಅಕ್ಕನ ಮದುವೆಯ ಮಾತು ಮೊದಮೊದಲು ಮುಂದಕ್ಕೆ ಹೋಯಿತು, ಆಮೇಲೆ ಎಲ್ಲಿಗೋ ಹೋಯಿತು. ಯಾರೂ ಅದನ್ನು ಹುಡುಕಲು ಹೋಗಲಿಲ್ಲ.

ಘೋಷಣೆಯ ಹಿಂದೆ ಒಬ್ಬ ರಾಜನೂ ಇದ್ದ. ಸೊಸೆ ಹಿಂದಿನ ದಿನ ಫೋನಿನಲ್ಲಿ ಒಂದು ಕತೆ ಹಾಕಿ ಕೇಳಿಸಿದ್ದಳು. ಯಾವುದೋ ದೇಶದಲ್ಲಿ ಜನ ಆಲೂಗಡ್ಡೆಯನ್ನು ಮುಟ್ಟುತ್ತಿರಲಿಲ್ಲವಂತೆ. ಮಣ್ಣಿನಡಿ ಬೆಳೆಯುವ ಈ ಗಂಟುಗಳನ್ನು ನಾಯಿಯೂ ಮೂಸುವುದಿಲ್ಲ ಎನ್ನುತ್ತಿದ್ದರಂತೆ. ರಾಜ ಜಾಣ. ತಿನ್ನಿ ತಿನ್ನಿ ಎಂದು ಗೋಗರೆಯಲಿಲ್ಲ. ಹೊಲದ ಸುತ್ತ ಬಂದೂಕಿನ ಸಿಪಾಯಿಗಳನ್ನು ನಿಲ್ಲಿಸಿದ. ಯಾರಾದರೂ ಕದಿಯಲು ಬಂದರೆ ಕಂಡೂ ಕಾಣದ ಹಾಗಿರಿ ಎಂದು ಅವರಿಗೆ ಗುಟ್ಟಾಗಿ ಹೇಳಿದ. ಇಷ್ಟು ಕಾವಲು ಕಾಯುವ ವಸ್ತು ಚಿನ್ನವೇ ಇರಬೇಕೆಂದು ಜನ ಬೇಲಿ ಹಾರಿದರು, ಗಡ್ಡೆ ಕಿತ್ತರು, ಬೇಯಿಸಿ ತಿಂದರು. ಆಲೂಗಡ್ಡೆ ಮನೆಮನೆಯ ಮಾತಾಯಿತು!

ಕತೆಯೋ ನಿಜವೋ, ಅಕ್ಕನಿಗೆ ಅದು ಬೇಕಿರಲಿಲ್ಲ. ಆಲೂಗಡ್ಡೆಯ ಬುಟ್ಟಿಯನ್ನು ತನ್ನ ಕೋಣೆಯ ಟ್ರಂಕಿನೊಳಗೆ ಸುರಿದಳು. ಬೀಗ ಜಡಿದಳು. ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿದಳು. ಮನೆಯವರಿಗೆಲ್ಲ ಬೇಯಿಸಿದ ಬಟಾಣಿ. ತನಗೊಬ್ಬಳಿಗೆ ಹುರಿದ ಆಲೂಗಡ್ಡೆ. ಅದರ ಮೇಲೆ ಮುಚ್ಚಳ, ಮುಚ್ಚಳದ ಮೇಲೆ ಅವಳ ಕೈ!

ತಮ್ಮ ಮೊದಲು ನಕ್ಕ. ಆಮೇಲೆ ಮೂಗರಳಿಸಿದ. ಆಮೇಲೆ ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಎಷ್ಟು ಸಲ ಬಂದನೆಂದರೆ ಒಂಟೆಗೂ ಅಷ್ಟು ದಾಹವಿರುವುದಿಲ್ಲ. ವಾರ ಕಳೆಯುವುದರೊಳಗೆ ಕಳ್ಳತನ ಆಗಿಯೇ ಹೋಯಿತು. ಅಕ್ಕ ಬಟ್ಟೆ ಒಣಹಾಕಲು ಹೋದಾಗ ತಮ್ಮ ಮುಚ್ಚಳ ತೆಗೆದ. ಅವಳ ಹೆಜ್ಜೆ ಸಪ್ಪಳ ಕೇಳಿ ಗಾಬರಿಯಾಗಿ ಬಾಣಲೆಯಲ್ಲಿದ್ದದ್ದನ್ನೆಲ್ಲ ಯೂನಿಫಾರ್ಮಿನ ಜೇಬಿಗೆ ತುರುಕಿಕೊಂಡ. ಬಿಸಿ ಎಣ್ಣೆ ಎದೆಗೆ ಇಳಿಯಿತು!

"ಅಯ್ಯಯ್ಯೋ ಅಕ್ಕಾ! ಬೆಂಕಿ!"

"ಎಲ್ಲೋ ಬೆಂಕಿ?"

"ಜೇಬಲ್ಲಿ!"

ಅವನ ಎದೆಗೆ ತಣ್ಣೀರು ಹಾಕಿ, ಮುಲಾಮು ಹಚ್ಚಿ, ಆ ಅಂಗಿಯನ್ನು ಸೋಪಿನಲ್ಲಿ ನೆನೆಸಿಟ್ಟವಳೂ ಅಕ್ಕನೇ. ಆದರೆ ಮುಲಾಮು ಹಚ್ಚಿಸಿಕೊಳ್ಳುತ್ತಲೇ ಅವನು ಬಿಚ್ಚಿಟ್ಟ ಅಂಗಿಯ ಜೇಬಿನಿಂದ ಒಂದು ಚೂರನ್ನು ತೆಗೆದು ಬಾಯಿಗಿಟ್ಟು, "ಚೆನ್ನಾಗಿದೆ ಕಣೇ" ಅಂದ. ಇಷ್ಟು ವರ್ಷಗಳಲ್ಲಿ ಆ ಮಾತು ಬಂದದ್ದು ಅದೇ ಮೊದಲು. ಅಕ್ಕ ಸ್ನಾನದ ಮನೆಗೆ ಹೋಗಿ, ನಲ್ಲಿ ಜೋರಾಗಿ ತಿರುಗಿಸಿ, ಸ್ವಲ್ಪ ಹೊತ್ತು ಅತ್ತು ಬಂದಳು. ಬಂದವಳ ತಲೆಯ ಮೇಲೆ ಆ ರಾಜನ ಕಿರೀಟ ಇತ್ತು!

"ಆಲೂಗಡ್ಡೆ ಗೆದ್ದಿತು. ಇನ್ನು ನೀವೂ ಗೆಲ್ಲಬೇಕು ಅತ್ತೆ" ಎಂದಳು ಸೊಸೆ. ತಮ್ಮ ಪಾಠಕ್ಕೆ ಹೋಗಿದ್ದ ಹೊತ್ತಿನಲ್ಲಿ ಅಕ್ಕನ ಫೋನಿನಲ್ಲಿ ಒಂದು ಆ್ಯಪ್ ಹಾಕಿದಳು. ಅದರಲ್ಲಿ ಜೋಡಿ ಇಲ್ಲದವರು ತಮ್ಮ ಫೋಟೋ ಹಾಕಿ ಕೂತಿರುತ್ತಾರೆ. ಬಲಕ್ಕೆ ಸರಿಸಿದರೆ ಬೇಕು, ಎಡಕ್ಕೆ ಸರಿಸಿದರೆ ಬೇಡ.

"ಥೂ, ಈ ವಯಸ್ಸಲ್ಲಾ?"

"ಈ ವಯಸ್ಸಿನವರಿಗೇ ಬೇರೆ ವಿಭಾಗ ಇದೆ ಅತ್ತೆ. ಉದ್ಯೋಗ ಏನಂತ ಹಾಕ್ಲಿ?"

ಅಕ್ಕ ಬಟಾಣಿ ಸುಲಿಯುತ್ತಿದ್ದಳು. ಒಲೆಯ ಮೇಲೆ ಹಾಲು, ಬಕೆಟ್ಟಿನಲ್ಲಿ ಬಟ್ಟೆ, ಕಂಕುಳಲ್ಲಿ ಪೊರಕೆ. "ಏನೂ ಇಲ್ಲ ಅಂತ ಹಾಕು" ಅಂದಳು.

ಫೋಟೋ ಮನೆಯ ಮುಂದಿನ ಮೆಟ್ಟಿಲ ಮೇಲೆ ತೆಗೆದದ್ದು. ಅಕ್ಕ ಮಡಿಲಲ್ಲಿ ತಟ್ಟೆ ಇಟ್ಟುಕೊಂಡು ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದಾಳೆ. ಹಿಂದೆ ತಮ್ಮನ ಡ್ರೈವಿಂಗ್ ಶಾಲೆಯ ಕಾರು. ಜೊತೆಗೆ ಹುರಿದ ಆಲೂಗಡ್ಡೆಯದ್ದೂ ಒಂದು ಫೋಟೋ. ಸಂಜೆಯೊಳಗೆ ಗಂಡಸರು ಮುಗಿಬಿದ್ದರು! "ನೀವೇ ಹುರಿದದ್ದಾ?" "ಎಣ್ಣೆ ಯಾವುದು?" "ನಮ್ಮ ತಾಯಿಗೆ ಮೆತ್ತಗೆ ಬೇಯಿಸಿದರೆ ಮಾತ್ರ ಆಗುತ್ತೆ, ಮಾಡಿಕೊಡ್ತೀರಾ?" ಒಬ್ಬರಂತೂ ಅಕ್ಕನ ಫೋಟೋವನ್ನು ಎಡಕ್ಕೆ ಸರಿಸಿ ಆಲೂಗಡ್ಡೆಯನ್ನು ಬಲಕ್ಕೆ ಸರಿಸಲು ದಾರಿ ಇದ್ದಿದ್ದರೆ ಹಾಗೇ ಮಾಡುತ್ತಿದ್ದರೇನೋ.

ಅವರ ನಡುವೆ ಒಬ್ಬರು ಮಾತ್ರ ಬೇರೆ ಏನೋ ಬರೆದಿದ್ದರು. ಕನ್ನಡಕದ ಅಂಗಡಿಯವರು, ಹೆಂಡತಿ ಇಲ್ಲ.

"ನಿಮ್ಮ ಕನ್ನಡಕದ ಎಡಗಡೆ ಕಡ್ಡಿಗೆ ದಾರ ಸುತ್ತಿದ್ದೀರಿ. ಕಿವಿ ಹಿಂದೆ ನೋಯಲ್ವಾ?"

ಅಕ್ಕ ಅದನ್ನು ಓದಿ ಕಿವಿಯ ಹಿಂದೆ ಮುಟ್ಟಿಕೊಂಡಳು. ಅಲ್ಲಿ ಗಾಯವಾಗಿ, ಮಾಗಿ, ಜಡ್ಡುಗಟ್ಟಿತ್ತು. ಅದೇ ಮನೆಯಲ್ಲಿ ಅದೇ ಮುಖವನ್ನು ದಿನಾ ನೋಡುವವರಿಗೆ ಆ ದಾರ ಕಂಡಿರಲಿಲ್ಲ. ಅವಳಿಗೇ ಅದು ಮರೆತುಹೋಗಿತ್ತು.

"ನೋಯುತ್ತೆ" ಎಂದು ಬರೆದಳು.

ಅಲ್ಲಿಂದ ದಿನಾ ನಾಲ್ಕು ಮಾತು. ಅವರು ಅಂಗಡಿಗೆ ಬರುವವರ ಕತೆ ಹೇಳುತ್ತಿದ್ದರು. ಹಣೆಯ ಮೇಲೆ ಕನ್ನಡಕ ಇಟ್ಟುಕೊಂಡೇ ಕನ್ನಡಕ ಕಳೆದಿದೆ ಎಂದು ಜಗಳಕ್ಕೆ ಬಂದ ಹೆಡ್‌ಮಾಸ್ಟರ ಕತೆ ಓದಿ ಅಕ್ಕ ಒಲೆಯ ಮುಂದೆ ಒಬ್ಬಳೇ ನಕ್ಕಳು. ಹಾಲು ಉಕ್ಕಿ ಹರಿಯಿತು. ಅದನ್ನು ಒರೆಸುವಾಗಲೂ ನಗುತ್ತಿದ್ದಳು. ಕೊನೆಗೆ ಒಂದು ದಿನ ಅವರು ಬರೆದರು: "ಅಂಗಡಿಗೆ ಬನ್ನಿ, ಕಡ್ಡಿ ಹಾಕಿಕೊಡ್ತೀನಿ. ಎದುರಿಗೇ ಚಹಾದಂಗಡಿ ಇದೆ. ಬರ್ತೀರಾ?"

"ಹ್ಞೂಂ ಅನ್ನಿ ಅತ್ತೆ! ಅನ್ನಿ!" ಸೊಸೆ ಕುಣಿದಳು.

ಆದರೆ ಅಕ್ಕನ ತಲೆಯ ಮೇಲಿನ ಕಿರೀಟ ಬಿಡಬೇಕಲ್ಲ!

"ಥಟ್ಟನೆ ಹ್ಞೂಂ ಅಂದ್ರೆ ಬೆಲೆ ಇರುತ್ತೇನೆ? ನಿಮ್ಮಪ್ಪ ಬುಟ್ಟೀಲಿದ್ದಾಗ ತಿಂದ್ನಾ? ಬೀಗ ಹಾಕಿದ ಮೇಲೆ ಎದೆ ಸುಟ್ಕೊಂಡು ತಿಂದ. ಗಂಡಸರಿಗೆ ಕಾವಲು ಹಾಕ್ಬೇಕು!"

"ಅವರು ಅಪ್ಪ ಅಲ್ಲ ಅತ್ತೆ."

"ಎಲ್ಲಾ ಒಂದೇ!" ಎಂದು ಅಕ್ಕ ಗಂಭೀರವಾಗಿ ಬರೆದಳು: "ನನಗೆ ಇಷ್ಟವಿಲ್ಲ. ನಾನು ಹಾಗೆಲ್ಲ ಸುಲಭವಾಗಿ ಬರುವವಳಲ್ಲ. ಮತ್ತೆ ಕೇಳಬೇಡಿ."

ಕನ್ನಡಕದವರು ಒಂದೇ ಸಾಲು ಬರೆದರು. "ಸರಿ. ತೊಂದರೆ ಕೊಟ್ಟಿದ್ದರೆ ಕ್ಷಮಿಸಿ."

"ನೋಡ್ತಿರು, ನಾಳೆ ಬೇಲಿ ಹಾರ್ತಾರೆ!" ಎಂದಳು ಅಕ್ಕ.

ನಾಳೆ ಬಂತು, ಹೋಯಿತು. ಅದರ ಮರುದಿನವೂ ಬಂತು, ಹೋಯಿತು. ಅಕ್ಕ ಫೋನನ್ನು ಅಕ್ಕಿ ಡಬ್ಬದ ಮೇಲಿಟ್ಟು ಕೆಲಸ ಮಾಡಿದಳು. ಒದ್ದೆ ಕೈಯಲ್ಲೇ ತೆಗೆದು ನೋಡಿದಳು. ಫೋನು ಕೆಟ್ಟಿದೆಯೆಂದು ಸೊಸೆಯಿಂದ ತನಗೇ ಕರೆ ಮಾಡಿಸಿದಳು. ಫೋನು ಚೆನ್ನಾಗಿಯೇ ಇತ್ತು. ತಿಂಗಳು ದಾಟಿತು. ಬೇಲಿಯ ಬಳಿ ಒಂದು ಎಲೆಯೂ ಅಲುಗಲಿಲ್ಲ.

ಹಾಗಂತ ಕಳ್ಳರು ಬರಲೇ ಇಲ್ಲವೆಂದಲ್ಲ! ಒಂದು ಭಾನುವಾರ ಬಾಗಿಲು ಬಡಿದ ಸದ್ದಾಯಿತು. ಹೊರಗೆ ದಪ್ಪ ಮೀಸೆಯ ಒಬ್ಬರು, ನೀರಿನ ಪಂಪು ಮಾರುವವರು. ಆ್ಯಪಿನಲ್ಲಿ ಅಕ್ಕ ಇವರಿಗೂ "ಬೇಡ" ಎಂದಿದ್ದಳು. ಅದೂ ನಿಜವಾಗಿ ಬೇಡವಾಗಿಯೇ.

"ವಿಳಾಸ ಹೇಗೆ ಸಿಕ್ಕಿತು ನಿಮಗೆ?" ಎಂದಳು ಬೆಚ್ಚಿ.

"ಫೋಟೋದಲ್ಲಿ ಹಿಂದೆ ಕಾರಿತ್ತಲ್ಲ, ಅದರ ಬಾಗಿಲ ಮೇಲೆ ನಂಬರಿತ್ತು. ಡ್ರೈವಿಂಗ್ ಕಲೀಬೇಕು ಅಂತ ಫೋನ್ ಮಾಡಿ ನಿಮ್ಮ ತಮ್ಮನ್ನ ಕೇಳ್ದೆ. ಪಾಪ, ದಾರಿ ಎಲ್ಲಾ ವಿವರವಾಗಿ ಹೇಳಿದ್ರು!" ಮೀಸೆಯವರು ಹೆಮ್ಮೆಯಿಂದ ಒಳಗೆ ಬಂದು ಕೂತೇಬಿಟ್ಟರು. "ಬೇಡ ಅಂದ್ರಲ್ಲ, ಆಗ್ಲೇ ಅಂದ್ಕೊಂಡೆ, ಇವರೇ ಸರಿ ಅಂತ. ಹೆಂಗಸರ ಬೇಡ ನಂಗೆ ಅರ್ಥ ಆಗುತ್ತೆ. ಎಲ್ಲಿ, ಆ ಹುರಿದ ಆಲೂಗಡ್ಡೆ ತನ್ನಿ ನೋಡೋಣ!"

"ಬೇಡ ಅಂದ್ರೆ ಬೇಡ ಅಂತ. ಏಳಿ ಮೇಲೆ."

"ಆಹಾ! ಇದೇ, ಈ ಬಿಂಕಾನೇ!"

ತಮ್ಮ ಕೋಣೆಯಿಂದ ಬಂದವನು ಅವರನ್ನು ಶಿಷ್ಯನೆಂದು ತಿಳಿದು, "ಮೊದಲು ಬ್ರೇಕ್ ಕಲೀಬೇಕು ಸಾರ್, ಆಮೇಲೆ ಮಿಕ್ಕಿದ್ದು" ಎಂದು ಪಾಠ ಶುರುಮಾಡಿದ. ಅವನ ವೃತ್ತಿಜೀವನದಲ್ಲಿ ಇಷ್ಟು ಸರಿಯಾದ ಪಾಠವನ್ನು ಇಷ್ಟು ಸರಿಯಾದ ವ್ಯಕ್ತಿಗೆ ಅವನು ಎಂದೂ ಹೇಳಿರಲಿಲ್ಲ. ಕೊನೆಗೆ ಅಕ್ಕ ನೆಲ ಒರೆಸುವ ಬಕೆಟ್ಟನ್ನು ತಂದು ಮೀಸೆಯವರ ಹೊಳೆಯುವ ಬೂಟಿನ ಮೇಲೆ ಬಗ್ಗಿಸಬೇಕಾಯಿತು. ಅವರು ಹೋದರು. ಆ ನೆಲವನ್ನು ಒರೆಸಿದವಳೂ ಅಕ್ಕನೇ.

ಒರೆಸುತ್ತಾ ಒರೆಸುತ್ತಾ ಅವಳ ಕೈ ನಿಂತಿತು. ರಾಜನ ಕತೆಯಲ್ಲಿ ಬೇಲಿ ಹಾರಿ ಬಂದವರು ಯಾರು? ಕಳ್ಳರು. ಕಾವಲು ಹಾಕಿ ಕಳ್ಳರನ್ನು ಕರೆದಿದ್ದಾಯಿತು. ಬೇಡವೆಂದರೆ ಬೇಡವೆಂದೇ ಕೇಳಿಸಿಕೊಳ್ಳುವ ಮನುಷ್ಯ ಮಾತ್ರ ಕಾವಲು ಕಂಡು ತಲೆ ತಗ್ಗಿಸಿ ಹೊರಟುಹೋಗಿದ್ದ. ಹುಟ್ಟಿದಾಗಿನಿಂದ ಅವಳು ಕಾಯುತ್ತಿದ್ದದ್ದು ಅಂಥ ಒಬ್ಬನಿಗಾಗಿಯೇ ಅಲ್ಲವೇ!

ಮರುದಿನ ಮಧ್ಯಾಹ್ನ ಅಕ್ಕ ಇಸ್ತ್ರಿ ಮಾಡಿದ ಸೀರೆ ಉಟ್ಟು ಕನ್ನಡಕದ ಅಂಗಡಿಗೆ ಹೋದಳು. ಗಾಜಿನ ಕಪಾಟುಗಳ ನಡುವೆ ಅವರು ಕೂತಿದ್ದರು. ಫೋಟೋಗಿಂತ ಕೂದಲು ಕಡಿಮೆ, ಕಣ್ಣು ಮಾತ್ರ ಅದೇ. ನೋಡಿದ ಕೂಡಲೇ ದಾರವನ್ನು ಗುರುತಿಸಿದರು.

"ನೀವಾ! ಕೊಡಿ, ಕೊಡಿ ಇಲ್ಲಿ."

ಕನ್ನಡಕ ಕೊಟ್ಟ ಮೇಲೆ ಅಕ್ಕನಿಗೆ ಎದುರಿನದ್ದೆಲ್ಲ ಮಂಜಾಯಿತು. ಮಾತಾಡಲು ಅದೇ ಅನುಕೂಲವಾಯಿತು. ರಾಜ, ಸಿಪಾಯಿ, ಟ್ರಂಕು, ಜೇಬಿನ ಬೆಂಕಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಅವರು ಸಣ್ಣ ಸ್ಕ್ರೂ ತಿರುಗಿಸುತ್ತಾ ಬಿದ್ದುಬಿದ್ದು ನಕ್ಕರು. ನಗು ನಿಂತ ಮೇಲೆ ಮೆಲ್ಲಗೆ ಹೇಳಿದರು:

"ನೀವು ಕೇಳಬೇಡಿ ಅಂದ್ರಿ. ನಾನು ಕೇಳಲಿಲ್ಲ. ಸಿಪಾಯಿ ನಿಂತಿರೋ ಹೊಲಕ್ಕೆ ನಾನು ಹೋಗೋನಲ್ಲ ನೋಡಿ."

"ಈಗ ಸಿಪಾಯಿ ಇಲ್ಲ" ಎಂದಳು ಅಕ್ಕ. ಅವಳ ದನಿ ಅವಳಿಗೇ ಕೇಳಿಸಲಿಲ್ಲ.

ಅವರು ಏನೋ ಹೇಳಬೇಕೆನ್ನುವಷ್ಟರಲ್ಲಿ ಒಳಗಿನ ಪರದೆಯ ಹಿಂದಿನಿಂದ ಹೆಣ್ಣು ದನಿ ಬಂತು. "ರೀ, ಊಟ ಆರ್ತಾ ಇದೆ. ಅವರನ್ನೂ ಕರೀರಿ."

ಅವರು ಹೊಸ ಕಡ್ಡಿಯ ಕನ್ನಡಕವನ್ನು ಅಕ್ಕನ ಕೈಗಿಟ್ಟರು. ಹಾಕಿಕೊಂಡಳು. ಎಲ್ಲಾ ಸ್ಪಷ್ಟವಾಯಿತು. ಪರದೆ ಸರಿಸಿ ನಿಂತಿದ್ದ, ನಗುಮುಖದ, ತನ್ನದೇ ವಯಸ್ಸಿನ ಹೆಂಗಸು. ಕನ್ನಡಕದವರ ಕೆಂಪಾದ ಕಿವಿ.

"ಇವರೂ ಆ ಆ್ಯಪಲ್ಲೇ ಸಿಕ್ಕಿದ್ದು. ಚಹಾಕ್ಕೆ ಬರ್ತೀರಾ ಅಂತ ಕೇಳ್ದೆ. ಬರ್ತೀನಿ ಅಂದ್ರು. ಅಷ್ಟೇ" ಎಂದರು.

ಅಷ್ಟೇ!

ಎದ್ದು ಬರಬಹುದಿತ್ತು. ಅವರಿಬ್ಬರೂ ಬಿಡಲಿಲ್ಲ. ಒಳಗಿನ ಪುಟ್ಟ ಮೇಜಿನ ಮೇಲೆ ಡಬ್ಬಿ ಬಿಚ್ಚಿತ್ತು. ಹುರಿದ ಆಲೂಗಡ್ಡೆ! "ನಾನೇ ಮಾಡಿದ್ದು, ಬಯ್ಯಬೇಡಿ" ಎನ್ನುತ್ತಾ ಕನ್ನಡಕದವರು ಬಡಿಸಿದರು. ಕೂತಲ್ಲಿಗೆ ಯಾರೋ ತಟ್ಟೆ ತಂದುಕೊಟ್ಟದ್ದು ಕೊನೆಯ ಸಲ ಯಾವಾಗ ಎಂದು ಅಕ್ಕ ನೆನಪಿಸಿಕೊಳ್ಳಲು ನೋಡಿದಳು. ನೆನಪಾಗಲಿಲ್ಲ. ಆಲೂಗಡ್ಡೆ ಒಂದು ಕಡೆ ಕರಟಿತ್ತು, ಇನ್ನೊಂದು ಕಡೆ ಬೆಂದಿರಲಿಲ್ಲ, ಉಪ್ಪು ಕಡಿಮೆ. ಅಕ್ಕ ಎರಡನೇ ಸಲ ಹಾಕಿಸಿಕೊಂಡು ತಿಂದಳು. "ಚೆನ್ನಾಗಿದೆ" ಅಂದಳು.

ಮನೆಗೆ ಬಂದಾಗ ಸೊಸೆ ಬಾಗಿಲಲ್ಲೇ ಕಾಯುತ್ತಿದ್ದಳು. "ಏನಾಯ್ತು ಅತ್ತೆ?"

"ಕಡ್ಡಿ ಸರಿಹೋಯ್ತು."

"ಮತ್ತೆ ಮಿಕ್ಕಿದ್ದು?"

ಅಕ್ಕ ಸೀದಾ ತನ್ನ ಕೋಣೆಗೆ ಹೋಗಿ ಟ್ರಂಕಿನ ಬೀಗ ತೆಗೆದಳು. ಒಳಗಿನ ಕತ್ತಲಲ್ಲಿ ಕಾವಲಿನಲ್ಲಿದ್ದ ಗಡ್ಡೆಗಳು ಸುಕ್ಕುಗಟ್ಟಿ, ಮೈತುಂಬ ಬೆಳ್ಳಗಿನ ಮೊಳಕೆ ಬಿಟ್ಟಿದ್ದವು. ಯಾರನ್ನೋ ಕೈಚಾಚಿ ಕರೆಯುತ್ತಿದ್ದಂತಿತ್ತು. ಸೊಸೆ ಇಣುಕಿ ನೋಡಿದಳು. ಅತ್ತೆಯ ಹೆಗಲ ಮೇಲೆ ಗಲ್ಲ ಊರಿ ನಿಂತಳು. ಅಕ್ಕ ಕೆಟ್ಟದ್ದನ್ನೆಲ್ಲ ಬೇರೆ ಮಾಡಿ, ತಿನ್ನಲಾಗುವ ಐದಾರನ್ನು ಬುಟ್ಟಿಗೆ ಹಾಕಿ ಹಳೆಯ ಜಾಗದಲ್ಲೇ, ಊಟದ ಮೇಜಿನ ಪಕ್ಕದಲ್ಲೇ ಇಟ್ಟಳು.

ತಮ್ಮ ಪಾಠ ಮುಗಿಸಿ ಬಂದ. ಬುಟ್ಟಿ ನೋಡಿದ. ಅಕ್ಕನ ಸೊಂಟ ನೋಡಿದ. ಬೀಗದ ಕೈ ಇರಲಿಲ್ಲ. ಅವನ ಮುಖ ಇಳಿಯಿತು.

"ಬೀಗ ತೆಗೆದುಬಿಟ್ಯಾ? ಹಾಗಾದ್ರೆ ಮತ್ತೆ ಆಲೂಗಡ್ಡೆನಾ?"

ಅಕ್ಕ ಅವನ ಮುಂದೆ ಒಂದು ಚಾಕು ಇಟ್ಟಳು. ಹೊಸ ಕಡ್ಡಿಯ ಕನ್ನಡಕವನ್ನು ಮೂಗಿನ ಮೇಲೆ ಸರಿಮಾಡಿಕೊಂಡು, ಸೌಟಿಲ್ಲದೆ, ಘೋಷಣೆಯಿಲ್ಲದೆ, ಜೀವಮಾನದಲ್ಲಿ ಮೊದಲ ಸಲ ನೇರವಾಗಿ ಕೇಳಿದಳು:

"ಇದರ ಸಿಪ್ಪೆ ತೆಗೆದುಕೊಡ್ತೀಯಾ?"

ತಮ್ಮ ಹಿಂದೆ ತಿರುಗಿ ನೋಡಿದ, ಅವಳು ಯಾರನ್ನು ಕೇಳುತ್ತಿದ್ದಾಳೆಂದು.