ಉಸಿರು ಕಟ್ಟಿದ ಜನರೇಟರ್

ಯಂತ್ರಗಳ ಬಗ್ಗೆ ನನಗೆ ತಿಳಿದಿರುವುದು ಅಷ್ಟಕ್ಕಷ್ಟೇ. ಅದೇನೂ ದೊಡ್ಡ ತೊಂದರೆಯಲ್ಲ; ತಿಳಿಯದು ಎಂದು ಬಾಯಿಬಿಟ್ಟು ಹೇಳುವುದು ನನ್ನಿಂದಾಗದು, ತೊಂದರೆ ಇರುವುದು ಅಲ್ಲಿ. ಆರು ತಿಂಗಳ ಹಿಂದೆ ಒಂದು ಪುಟ್ಟ ಪೆಟ್ರೋಲ್ ಜನರೇಟರ್ ಕೊಂಡೆ. ಅಂದಿನಿಂದ ತಾಯಲೂರಿನ ನಮ್ಮ ಬೀದಿಯಲ್ಲಿ ಕರೆಂಟ್ ಹೋದರೆ ಸಾಕು, ನನ್ನ ಎದೆ ಉಬ್ಬುತ್ತದೆ. ಪಕ್ಕದ ಮನೆಯ ನಾಗರತ್ನಮ್ಮ ಕೈ ಮುರಿದುಕೊಂಡಾಗ, ಹಾಲು ಕರೆಯುವ ಮಿಷನ್ ತರಿಸಿಕೊಳ್ಳಿ ಎಂದವನೂ ನಾನೇ. "ಕರೆಂಟ್ ಹೋದ್ರೆ ನಮ್ಮ ಜನರೇಟರ್ ಇದ್ಯಲ್ಲಮ್ಮ" ಎಂದು ಭರವಸೆಯನ್ನೂ ಕೊಟ್ಟಿದ್ದೆ.

ಮೊನ್ನೆ ಬೆಳಿಗ್ಗೆ ಕರೆಂಟ್ ಹೋಯಿತು. ಕೆಚ್ಚಲು ಬಿಗಿದ ಅವರ ಹಸು ಕಾಲು ಬಡಿಯುತ್ತ ಕೂಗುತ್ತಿತ್ತು. ಬೇರೆಯವರು ಕೈಯಿಟ್ಟರೆ ಒದೆಯುವ ಹಸು ಅದು. ಜನರೇಟರನ್ನು ಕೊಟ್ಟಿಗೆಯ ಹೊರಗಿಟ್ಟು ಹಗ್ಗ ಎಳೆದೆ. ಎರಡು ನಿಮಿಷ ಓಡಿ, ಕೆಮ್ಮಿ, ನಿಂತಿತು. ಆಮೇಲೆ ಎಷ್ಟು ಎಳೆದರೂ ನನ್ನ ಭುಜ ನೋಯಿತೇ ಹೊರತು ಅದು ಮಿಸುಕಲಿಲ್ಲ. ಟ್ಯಾಂಕ್ ಅಲುಗಾಡಿಸಿದೆ, ಪೆಟ್ರೋಲು ಕುಲುಕಿತು. ಕೆಳಗೆ ಪೆಟ್ರೋಲ್ ಬಿಡುವ ಕಾಕ್ ತೆರೆದೇ ಇತ್ತು. ಚೋಕ್ ಎಳೆದೆ, ತಳ್ಳಿದೆ. ಪ್ಲಗ್ ಬಿಚ್ಚಿ ಪಂಚೆಯ ತುದಿಯಲ್ಲಿ ಒರೆಸಿ ಹಾಕಿದೆ. ಕೊನೆಗೆ "ಪೆಟ್ರೋಲೇ ಸರಿಯಿಲ್ಲಮ್ಮ, ಬಂಕಿನವರು ನೀರು ಬೆರೆಸಿದಾರೆ" ಎಂದು ತೀರ್ಪು ಕೊಟ್ಟೆ.

ನಾಗರತ್ನಮ್ಮ ಹಸುವಿನ ಬೆನ್ನು ಸವರುತ್ತ ಅಳುತ್ತಿದ್ದರು. "ಕೆಚ್ಚಲು ಬಾವು ಬಂದ್ರೆ ನನ್ ಲಕ್ಷ್ಮಿ ಉಳೀತದಾ ಸ್ವಾಮಿ?" ನನಗೆ ನಿಜಕ್ಕೂ ನಾಚಿಕೆಯಾಯಿತು. ಫೋನ್ ಮಾಡಿ, ನಂಗಲಿ ರಸ್ತೆಯಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವ ಬಾಷಾನನ್ನು ಕರೆಸಿದೆ.

ಬಾಷಾ ಸ್ಪ್ಯಾನರನ್ನೇ ಮುಟ್ಟಲಿಲ್ಲ. ಟ್ಯಾಂಕಿನ ಮುಚ್ಚಳ ತಿರುಗಿಸಿದ. ಉಸ್ಸೆಂದು ಗಾಳಿ ಒಳಗೆ ನುಗ್ಗಿತು. ಮುಚ್ಚಳವನ್ನು ನನ್ನ ಮೂಗಿನ ಹತ್ತಿರ ಹಿಡಿದು ಮೆಲ್ಲಗೆ ಕೇಳಿದ: "ಇದೇಂದಿ ಸ್ವಾಮಿ? ಗಾಳಿ ಆಡೋ ತೂತು ಇದು. ಮುಚ್ಕೊಂಡ್ರೆ ಪೆಟ್ರೋಲ್ ಕೆಳಗೆ ಇಳಿಯಲ್ಲ."

ತೂತಿನ ತುಂಬ ಒಣಗಿದ ಗಂಧ, ಅದರ ಮೇಲೆ ಕುಂಕುಮ. ಹೋದ ವಾರದ ಆಯುಧಪೂಜೆಯಲ್ಲಿ, ಅರ್ಚಕರ ಮನೆತನದವನು ಕಾಟಾಚಾರಕ್ಕೆ ಪೂಜೆ ಮಾಡಿದ ಎನ್ನಿಸಿಕೊಳ್ಳಬಾರದೆಂದು ಹೆಬ್ಬೆರಳಿನಿಂದ ಒತ್ತಿ ಒತ್ತಿ ಬಳಿದವನು ನಾನೇ.

ಬಾಷಾ ಪಿನ್ನಿನಿಂದ ತೂತು ಬಿಡಿಸಿ ಹಗ್ಗ ಎಳೆದ. ಜನರೇಟರ್ ಗುಡುಗಿತು, ಕ್ಯಾನಿನಲ್ಲಿ ಹಾಲು ನೊರೆಯೆದ್ದಿತು, ಹಸು ಕೂಗು ನಿಲ್ಲಿಸಿ ಮೆಲುಕು ಹಾಕತೊಡಗಿತು. ಏನಾಗಿತ್ತು ಎಂದು ನಾಗರತ್ನಮ್ಮ ಕೇಳಿದರು. ಬಾಷಾ ನನ್ನ ಮುಖ ನೋಡಿದ. "ಒಸಿ ಕಸ ಸಿಕ್ಕಿತ್ತಮ್ಮ, ಅಷ್ಟೇ." ಪುಣ್ಯಾತ್ಮ ನನ್ನ ಮಾನ ಉಳಿಸಿದ. ನಾನಾದರೂ ಸುಮ್ಮನಿರಬೇಕಲ್ಲ? "ಬಂಕಿನ ಕಸ" ಎಂದು ಸೇರಿಸಿದೆ.

ಸ್ವಲ್ಪ ಹೊತ್ತಿಗೆ ನಾಗರತ್ನಮ್ಮ ನಮ್ಮ ಮನೆಗೆ ಒಂದು ಚೊಂಬು ನೊರೆಹಾಲು ತಂದರು. "ನೀವಿಲ್ದಿದ್ರೆ ನನ್ ಲಕ್ಷ್ಮಿ ಗತಿ ಏನಾಗ್ತಿತ್ತೋ!" ನಿಜ ಹೇಳಿಬಿಡೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಹೆಂಡತಿ ಚೊಂಬನ್ನು ಒಳಗೆ ಒಯ್ದಿದ್ದಳು. ಕಾಫಿ ಕುಡಿದ ಮೇಲೆ ಹೇಳಿದರಾಯಿತು ಎಂದುಕೊಂಡೆ. ಕಾಫಿ ಎಷ್ಟು ಚೆನ್ನಾಗಿತ್ತೆಂದರೆ, ಇನ್ನೊಂದು ಲೋಟ ಕೇಳಿ ಹಾಕಿಸಿಕೊಂಡೆ.